'ಕೊಡ್ಲಕ್ಕಾ?' ಎಂಬ ಫೋನಿಗೆ ನನ್ನ ಯೋಜನೆಯಲ್ಲಿ ಜಾಗ ಇರಲಿಲ್ಲ

ಶಿರಸಿಯ ಒಂದು ಅಡಿಕೆ ಮಾರಾಟ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಮೂರು ವರ್ಷದ ಗಣಕೀಕರಣ ಯೋಜನೆ ಮಾಡಿಕೊಡಿ ಎಂದು ಆಡಳಿತ ಮಂಡಳಿ ಕೇಳಿತ್ತು. ಸರ್ವರ್, ನೆಟ್‌ವರ್ಕ್, ಎಲ್ಲ ವಿಭಾಗಕ್ಕೂ ಒಂದೇ ಸಾಫ್ಟ್‌ವೇರ್, ಸದಸ್ಯರಿಗೆ ಒಂದೇ ನಂಬರು ಎಂದು ಬರೆದುಕೊಟ್ಟೆ. ಓದಿದವರೆಲ್ಲ ತಲೆದೂಗಿದರು.

ಎಡವಿದ್ದು ವ್ಯಾಪಾರಿ ಅಂಗಳದಲ್ಲಿ.

ಅಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳು ಬೇರೆ ಬೇರೆ ಲಾಟುಗಳಾಗಿ ಕೂರುತ್ತವೆ. ವ್ಯಾಪಾರಿಗಳು ಚೀಲಕ್ಕೆ ಕೈ ಹಾಕಿ, ಒಂದೆರಡು ಅಡಿಕೆ ಕತ್ತರಿಸಿ ನೋಡಿ, ಟೆಂಡರಿನಲ್ಲಿ ದರ ಬರೆಯುತ್ತಾರೆ. ನನ್ನ ಸಾಫ್ಟ್‌ವೇರಿನಲ್ಲಿ ಹೆಚ್ಚಿನ ದರ ಹಾಕಿದ ಕೂಡಲೇ ಬಿಲ್. ಆದರೆ ದರ ಒಪ್ಪಿಗೆಯಾಗದಿದ್ದರೆ ರೈತ ಅಡಿಕೆ ಕೊಡದೇ ಇರಬಹುದು. ನಮ್ಮ ಹಿರಿಯ ಗುಮಾಸ್ತರು ಉದ್ದನೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಮನೆಮನೆಗೆ ಫೋನ್ ಮಾಡುತ್ತಿದ್ದರು. "ಚಾಲಿಗೆ ಇಷ್ಟು ಬಿದ್ದಿದ್ದು. ಕೊಡ್ಲಕ್ಕಾ?" ಅಂದರೆ, ಈ ದರಕ್ಕೆ ಕೊಡಬಹುದಾ ಎಂದು. ಆ ಕಡೆಯವರು "ಬ್ಯಾಡ, ಮುಂದಿನ ವಾರ ನೋಡನ" ಎಂದರೆ ಲಾಟಿನ ಎದುರು ಪೆನ್ಸಿಲಿನಲ್ಲಿ ಒಂದು ಸಣ್ಣ ಸೊನ್ನೆ.

ಆ ಸೊನ್ನೆ ನನ್ನ ಸ್ಕ್ರೀನಿನಲ್ಲಿ ಎಲ್ಲೂ ಇರಲಿಲ್ಲ. ಮೊದಲ ದಿನವೇ ಒಪ್ಪದವರ ಲಾಟಿಗೂ ಬಿಲ್ ಬಂತು. ಒಂದೊಂದೇ ರದ್ದು ಮಾಡುವಷ್ಟರಲ್ಲಿ ರಾತ್ರಿಯಾಯಿತು. ಅದೂ ಮಾರ್ಚಿನಲ್ಲಿ. ಚಾಲಿ ಆವಕ ಜೋರು, ಮೇಲೆ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಆ ತಿಂಗಳನ್ನು ಆರಿಸಿದವನು ನಾನೇ. ಗುಮಾಸ್ತರನ್ನು ಯೋಜನೆಯ ಸಭೆಗೆ ಕರೆಯದವನೂ ನಾನೇ. ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಕೆಳಗಿದೆ, ಟೆಂಡರ್ ದಿನ ಎಲ್ಲ ಮಾಹಿತಿ ಹಾದುಹೋಗುವುದು ಮಾತ್ರ ಅವರ ಕೈಯಿಂದ.

ಸದಸ್ಯರ ನಂಬರಿನದು ಇನ್ನೂ ಕಷ್ಟ. ಒಬ್ಬರಿಗೇ ಮಾರಾಟ ವಿಭಾಗದಲ್ಲಿ ಒಂದು ನಂಬರು, ಸಾಲ ವಿಭಾಗದಲ್ಲಿ ಇನ್ನೊಂದು. ಸಂಸ್ಥೆಯೊಳಗೆ ಮಾತುಕತೆ ಹೇಗಿದೆಯೋ ಅದು ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ತಜ್ಞ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ನಮ್ಮ ಎರಡು ನಂಬರು ನೋಡಿದಾಗಲೆಲ್ಲ ಅದು ನೆನಪಾಗುತ್ತದೆ. ಅಡಿಕೆ ಹಣ ಬಂದ ಕೂಡಲೇ ಸಾಲಕ್ಕೆ ಜಮಾ ಆಗಬೇಕು ಅನ್ನುತ್ತಾರೆ ಸಾಲದವರು. ಹಾಗೆ ಪೂರ್ತಿ ಹಿಡಿದರೆ ರೈತರು ಹೊರಗಿನ ವ್ಯಾಪಾರಿಗಳ ವಖಾರಿಗೆ ಹೋಗುತ್ತಾರೆ ಅನ್ನುತ್ತಾರೆ ಮಾರಾಟದವರು. ಮಗಳ ಮದುವೆ ಇದೆ, ಈ ಸಲ ಸ್ವಲ್ಪ ಬಿಟ್ಟುಕೊಡಿ ಎಂದು ರೈತ ಬಂದರೆ ಯಾರನ್ನು ಕೇಳಬೇಕು? ಇದನ್ನು ಸಾಫ್ಟ್‌ವೇರಿನವರು ತೀರ್ಮಾನಿಸುವುದು ತಪ್ಪು, ಅಲ್ವಾ?

ಈಗ ಸ್ಕ್ರೀನಿನಲ್ಲಿ ದರಕ್ಕೂ ಬಿಲ್ಲಿಗೂ ನಡುವೆ 'ಒಪ್ಪಿಗೆ' ಎಂಬ ಕಾಲಂ ಇದೆ. ಗುಮಾಸ್ತರು ಫೋನ್ ಇಟ್ಟ ಮೇಲೆ ಅದನ್ನು ತುಂಬುತ್ತಾರೆ. ತರಬೇತಿಯನ್ನು ಮಳೆಗಾಲಕ್ಕೆ ಹಾಕಿದ್ದೇವೆ. ಕರೆಂಟ್ ಜಾಸ್ತಿ ಹೋಗುತ್ತದೆ ನಿಜ, ಆದರೆ ಕೂತು ಕಲಿಯಲು ಜನರಿಗೆ ಪುರುಸೊತ್ತು ಸಿಗುತ್ತದೆ. ನಂಬರು ಇನ್ನೂ ಎರಡೇ ಇವೆ. ಸಾಲಕ್ಕೆ ಎಷ್ಟು ಹಿಡಿಯಬೇಕು, ಬಿಡುವ ಅಧಿಕಾರ ಯಾರಿಗೆ ಎಂಬ ಎರಡು ಪ್ರಶ್ನೆಯನ್ನು ಆಡಳಿತ ಮಂಡಳಿಯ ಮುಂದಿನ ಸಭೆಗೆ ಬರೆದುಕೊಟ್ಟಿದ್ದೇನೆ. ಈ ಸಲ ಗುಮಾಸ್ತರೂ ಬರುತ್ತಾರೆ, ಪುಸ್ತಕದ ಸಮೇತ.