ಬೆಂಗಳೂರಿಂದ ಕಾಶಿಗೆ ಎರಡೂವರೆ ಗಂಟೆ, ಆಮೇಲೆ ಶುರು ನಿಜವಾದ ಪ್ರಯಾಣ

ಬೆಂಗಳೂರಿನಿಂದ ವಾರಾಣಸಿಗೆ ಆಕಾಶಮಾರ್ಗದಲ್ಲಿ ಸುಮಾರು 1,460 ಕಿ.ಮೀ. ನೇರ ವಿಮಾನ ಸಿಕ್ಕರೆ ಹೆಚ್ಚೂಕಡಿಮೆ ಎರಡೂವರೆ ಗಂಟೆ. ರಸ್ತೆಯಲ್ಲಾದರೆ 1,700 ಕಿ.ಮೀ. ದಾಟುತ್ತದೆ. ಸಂಘಮಿತ್ರಾ ರೈಲಿನಲ್ಲಿ ಎರಡು ರಾತ್ರಿ ಮಲಗಬೇಕು. ಹಾಗಾಗಿ ವಿಮಾನವೇ ವಾಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಬಾಗಿಲಿನಿಂದ ಘಾಟಿನ ಮೆಟ್ಟಿಲಿಗೆ ಇಡೀ ಒಂದು ದಿನ ಬೇಕು ಅಂತಲೇ ಲೆಕ್ಕ ಹಾಕಿಕೊಳ್ಳಿ.

ಜಯನಗರದ ಕಡೆಯವರು ದೇವನಹಳ್ಳಿ ತಲುಪುವುದಕ್ಕೇ ಒಮ್ಮೊಮ್ಮೆ ಎರಡು ಗಂಟೆ ಹಿಡಿಯುತ್ತದೆ. ನಸುಕಿನ ವಾಯುವಜ್ರ ಬಸ್ಸೇ ಉತ್ತಮ. ಟರ್ಮಿನಲ್ 1ಕ್ಕೋ 2ಕ್ಕೋ ಅಂತ ಟಿಕೆಟ್ಟಿನಲ್ಲಿ ನೋಡಿಕೊಂಡು ಹೊರಡಿ. ಕಡಿಮೆ ದರ ಅಂತ ದೆಹಲಿಗೆ ಹೋಗಿ ಹಿಂದಕ್ಕೆ ಬರುವ ಟಿಕೆಟ್ ಮಾತ್ರ ಬೇಡ. ಉಳಿದ ದುಡ್ಡು ಅಲ್ಲಿಯ ಕಾಫಿಗೇ ಹೋಗುತ್ತದೆ.

ನಮಗೆ ಟೋಪಿ ಬಿದ್ದಿದ್ದು ಕಾಶಿಯಲ್ಲಿ ಇಳಿದ ಮೇಲೆ. ವಿಮಾನ ನಿಲ್ದಾಣ ಇರುವುದು ಬಾಬತ್‌ಪುರದಲ್ಲಿ. ಊರಿಗೆ ಅಲ್ಲಿಂದ ಇಪ್ಪತ್ತೈದು ಕಿ.ಮೀ. ಆಗುತ್ತದೆ. ಹೊರಗೆ ನಿಂತಿದ್ದ ಟ್ಯಾಕ್ಸಿಯವನು ‘ದಶಾಶ್ವಮೇಧ ಘಾಟ್‌ವರೆಗೆ’ ಅಂತಲೇ ದರ ಹೇಳಿದ್ದ. ಘಾಟಿಗೆ ಹತ್ತಿರದ ಗೋದೌಲಿಯಾ ಚೌಕಕ್ಕೂ ಸಾಕಷ್ಟು ಮೊದಲೇ ಪೊಲೀಸ್ ಬ್ಯಾರಿಕೇಡ್ ಬಂತು. ‘ಗಾಡಿ ಇಲ್ಲಿಗೇ, ಮುಂದೆ ಬಿಡೋದಿಲ್ಲ’ ಅಂದ. ಬಿಡುವುದಿಲ್ಲ ಅನ್ನೋದು ನಿಜವೇ. ಅದು ಅವನಿಗೆ ಹತ್ತುವಾಗಲೇ ಗೊತ್ತಿತ್ತಲ್ಲ! ಇಷ್ಟು ಸಾಲದು ಅಂತ ಪಾರ್ಕಿಂಗ್ ದುಡ್ಡೂ ಕೇಳಿದ. ಅತ್ತೆಯವರ ಮಂಡಿ ನೋವು, ಮೂರು ಸೂಟ್‌ಕೇಸು, ಗಲ್ಲಿಯಲ್ಲಿ ಎದುರಿಗೆ ಎಮ್ಮೆ. ಆಪ್ ಕ್ಯಾಬ್ ಹಿಡಿದರೂ ಕಾರು ಎಲ್ಲಿವರೆಗೆ ಹೋಗುತ್ತದೆ ಅಂತ ಮೊದಲೇ ಉಳಿಯುವ ಜಾಗಕ್ಕೆ ಫೋನ್ ಮಾಡಿ ಕೇಳಿ. ಚಕ್ರದ ಸೂಟ್‌ಕೇಸ್ ಆ ಕಲ್ಲುಹಾಸಿನ ಮೇಲೆ ಉರುಳುವುದಿಲ್ಲ. ಹೆಗಲಿಗೆ ಹಾಕುವ ಬ್ಯಾಗೇ ಸರಿ.

ಹಿರಿಯರಿದ್ದರೆ ಕೇದಾರ ಘಾಟ್, ಹನುಮಾನ್ ಘಾಟ್ ಕಡೆ ಕೋಣೆ ನೋಡಿ. ಸೋನಾರ್‌ಪುರ ರಸ್ತೆಯಲ್ಲಿ ಇಳಿದರೆ ನಡಿಗೆ ಕಡಿಮೆ. ದಕ್ಷಿಣದವರ ಬೀಡು, ಇಡ್ಲಿಯೂ ಸಿಗುತ್ತದೆ. ಕರ್ನಾಟಕ ಛತ್ರವೂ ಅಲ್ಲೇ ಇದೆ. ಗೋದೌಲಿಯಾ ಹತ್ತಿರವೇ ಬೇಕು ಅನ್ನುವವರಿಗೆ ಜಂಗಮವಾಡಿ ಮಠದ ಬೀದಿ ಇದೆ. ನನಗೆ ಆ ಗದ್ದಲ ಆಗುವುದಿಲ್ಲ. ದಶಾಶ್ವಮೇಧದ ಸಂಜೆ ಆರತಿಯ ನೂಕುನುಗ್ಗಲಿಗೂ ನಾನು ಹೋಗಲಿಲ್ಲ. ಮನೆಯವರು ಹೋಗಿ ಕಾಲು ತುಳಿಸಿಕೊಂಡು ಬಂದರು.

ತಿಂಡಿ ವಿಷಯಕ್ಕೆ ಬಂದರೆ ಮಾತ್ರ ದೂರು ಒಂದೂ ಇಲ್ಲ. ಬೆಳಿಗ್ಗೆ ಏಳಕ್ಕೇ ಗಲ್ಲಿಯ ಮೂಲೆಯಲ್ಲಿ ದೊಡ್ಡ ಬಾಣಲೆ ಇಟ್ಟಿರುತ್ತಾರೆ. ಎಲೆ ದೊನ್ನೆಯಲ್ಲಿ ಬಿಸಿ ಕಚೋರಿ, ಮೇಲೆ ಆಲೂ ಪಲ್ಯದ ಖಾರ ರಸ, ಪಕ್ಕದಲ್ಲಿ ಜಿಲೇಬಿ. ಕುರ್ಚಿ ಇಲ್ಲ, ನಿಂತೇ ತಿನ್ನಬೇಕು. ಮೂರು ಜನ ಹೊಟ್ಟೆ ತುಂಬಾ ತಿಂದ ದುಡ್ಡಿಗೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದು ದೋಸೆಯೂ ಬರುವುದಿಲ್ಲ. ತಡವಾಗಿ ಎದ್ದರೆ ಖಾಲಿ. ಚಳಿಗಾಲದಲ್ಲಾದರೆ ಮಣ್ಣಿನ ಕುಡಿಕೆಯಲ್ಲಿ ಮಲಯ್ಯೋ ಸಿಗುತ್ತದೆ. ಹಾಲಿನ ನೊರೆ, ಕೇಸರಿ ಬಣ್ಣ, ಬಾಯಿಗೆ ಇಟ್ಟರೆ ಇಲ್ಲ! ಎರಡನೇ ಕುಡಿಕೆ ಬೇಡ ಅಂದವರನ್ನು ನಾನು ನೋಡಲಿಲ್ಲ.

ತೊಡಕೇನೆಂದರೆ, ಮಲಯ್ಯೋ ಕಾಲವೇ ಮಂಜಿನ ಕಾಲವೂ ಹೌದು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ, ಕೆಲವು ರದ್ದೇ ಆಗುತ್ತವೆ. ಆ ತಿಂಗಳಲ್ಲಿ ಮಧ್ಯಾಹ್ನದ ವಿಮಾನವನ್ನೇ ಹಿಡಿಯಿರಿ. ವಾಪಸ್ ಬಂದ ಮರುದಿನವೇ ಆಫೀಸು ಅಂತ ಇಟ್ಟುಕೊಳ್ಳಬೇಡಿ.