ಬಯಲು ರೇಂಜಿನಲ್ಲಿ ಹಳೆಯ ಬ್ರೌನಿಂಗ್ ಪಿಸ್ತೂಲು

ಚಿಕ್ಕಮಗಳೂರಿನ ಸುತ್ತಮುತ್ತಲ ತೋಟದ ಮನೆಗಳಲ್ಲಿ ಕೋವಿ ಇರುವುದು ಹೊಸ ಸಂಗತಿಯೇನಲ್ಲ; ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆ, ಜೋಡಿ ನಳಿಗೆಗಳನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಸೇನೆಗೆಂದು ತಯಾರಾದ ಪಿಸ್ತೂಲು ಮಾತ್ರ ಅಪರೂಪ. ನಮ್ಮ ಸೋದರಮಾವನವರಿಗೆ ಅವರ ತಂದೆಯಿಂದ ಬಂದು, ಲೈಸೆನ್ಸಿನಲ್ಲಿ ಕ್ರಮವಾಗಿ ನಮೂದಾಗಿರುವ ಎಫ್‌ಎನ್ ಬ್ರೌನಿಂಗ್ 1922 ಮಾದರಿಯ .32 ಬೋರಿನ ಪಿಸ್ತೂಲಿನಿಂದ ಊರಾಚೆಯ ಬಯಲು ರೇಂಜಿನಲ್ಲಿ, ಅವರ ಸಮ್ಮುಖದಲ್ಲೇ, ಗುಂಡು ಹಾರಿಸುವ ಅವಕಾಶ ಈಚೆಗೆ ನನಗೆ ಸಿಕ್ಕಿತು.

ಜಾನ್ ಬ್ರೌನಿಂಗ್ ರೂಪಿಸಿದ 1910ರ ಜೇಬಿನ ಪಿಸ್ತೂಲೇ ಇದರ ಮೂಲ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಮೇಲೆ ಹಾರಿದ ಗುಂಡುಗಳು ಆ ಮಾದರಿಯವು. ಮುಂದೆ ಯುಗೋಸ್ಲಾವಿಯಾದವರು ತಮ್ಮ ಸೇನೆಗೆ ಉದ್ದನೆಯ ನಳಿಗೆಯ, ಹೆಚ್ಚು ಗುಂಡು ಹಿಡಿಯುವ ಪಿಸ್ತೂಲು ಬೇಕೆಂದಾಗ, ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯವರು ಹೊಸ ಸ್ಲೈಡ್ (ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಉಕ್ಕಿನ ಕವಚ) ಮಾಡುವ ಗೋಜಿಗೆ ಹೋಗದೆ ಹಳೆಯದರ ಮೂತಿಗೆ ಕೊಳವೆಯಂಥ ತುಂಡೊಂದನ್ನು ತಿರುಗಿಸಿ ಕೂರಿಸಿಬಿಟ್ಟರು. ಜೋಡಣೆಯ ಗೆರೆ ಎದ್ದು ಕಾಣುತ್ತದೆ. ಅಂದಗೆಟ್ಟಿತು ಎನ್ನುವವರಿದ್ದಾರೆ, ನನಗಂತೂ ಅದು ಜಾಣತನವೆನಿಸಿತು. 1940ರಲ್ಲಿ ಬೆಲ್ಜಿಯಂ ವಶವಾದ ಮೇಲೆ ಜರ್ಮನರೂ ಅದೇ ಕಾರ್ಖಾನೆಯಲ್ಲಿ ಇದನ್ನೇ ಮಾಡಿಸಿಕೊಂಡರು. ಮಾವನವರ ಪಿಸ್ತೂಲಿನ ಹಿಡಿಯಲ್ಲಿರುವ ಎಫ್‌ಎನ್ ಅಕ್ಷರಗಳ ಸಂದಿಯಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಉಳಿದಿತ್ತು.

ಹದಿನೈದು ಮೀಟರ್ ದೂರದಲ್ಲಿ ಗುರಿಹಲಗೆ, ಅದರ ಹಿಂದೆ ಎತ್ತರದ ಮಣ್ಣಿನ ದಿಬ್ಬ. ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ಅಂದರೆ ಮ್ಯಾಗಜಿನ್‌ನಲ್ಲಿ ಒಂಬತ್ತು ಗುಂಡು ಹಿಡಿಯುತ್ತವಾದರೂ "ಐದೇ ತುಂಬು, ಹಳೇ ಸ್ಪ್ರಿಂಗು" ಎಂದರು ಮಾವ. ಹಿಡಿಯ ಹಿಂಬದಿಯಲ್ಲೊಂದು ಸೇಫ್ಟಿ ಪಟ್ಟಿಯಿದೆ. ಅಂಗೈ ಅದನ್ನು ಪೂರ್ತಿ ಒತ್ತದೆ ಗುಂಡು ಹಾರುವುದಿಲ್ಲ. ಪೆಟ್ಟು ಹೆಚ್ಚೇನಿಲ್ಲ, ಚುರುಕಾಗಿ ಒಮ್ಮೆ ಹಿಂದಕ್ಕೆ ತಳ್ಳಿ ಸುಮ್ಮನಾಗುತ್ತದೆ. ಕಷ್ಟವಿರುವುದು ಗುರಿ ಹಿಡಿಯುವುದರಲ್ಲಿ: ಹಿಂದಿನ ಕಚ್ಚು ಉಗುರಿನ ಗೀರಿನಷ್ಟೇ ಸಣ್ಣದು, ಮುಂದಿನ ಮೊನೆ ಬಿಸಿಲಿಗೆ ಕರಗಿಹೋಗುತ್ತದೆ, ಟ್ರಿಗರ್ ಬಿಗಿ. ಬೆರಳನ್ನು ಅವಸರದಲ್ಲಿ ಎಳೆದರೆ ಗುಂಡು ಎಡಕ್ಕೂ ಕೆಳಕ್ಕೂ ಬೀಳುತ್ತದೆ. ಸ್ಪರ್ಧೆಗೆ ಅಭ್ಯಾಸ ಮಾಡುವವರಿಗೆ ಇದು ತಕ್ಕುದಲ್ಲ.

ಇನ್ನೊಂದು ವಿಷಯ ಹೆಚ್ಚು ಗಂಭೀರ. ಇದಕ್ಕೆ ಹೊರಗೆ ಕಾಣುವ ಹ್ಯಾಮರ್ (ಗುಂಡು ಸಿಡಿಸುವ ಸುತ್ತಿಗೆಯಂಥ ಭಾಗ) ಇಲ್ಲ. ಕೊನೆಯ ಗುಂಡು ಹಾರಿದ ಮೇಲೂ ಸ್ಲೈಡ್ ಹಿಂದೆ ನಿಲ್ಲದೆ ಮುಚ್ಚಿಕೊಳ್ಳುತ್ತದೆ. ಖಾಲಿಯಾಗಿದೆಯೇ, ತುಂಬಿದೆಯೇ ಎಂಬುದು ನೋಟದಿಂದ ತಿಳಿಯುವಂತಿಲ್ಲ. ಆದ್ದರಿಂದ ನಳಿಗೆಯನ್ನು ದಿಬ್ಬದ ಕಡೆಗೇ ಇಟ್ಟು, ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು ಒಳಗೆ ಕಣ್ಣಿಟ್ಟು ನೋಡಿದ ಮೇಲೆಯೇ ಅದನ್ನು ಮೇಜಿನ ಮೇಲಿಡಲು ರೇಂಜಿನವರು ಬಿಟ್ಟರು.

ಮಾವನವರು ಇದನ್ನು ಚರ್ಮದ ಚೀಲದಲ್ಲಿಡುವುದಿಲ್ಲ; ಮಲೆನಾಡಿನ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತಾರೆ. ನಳಿಗೆಯ ಸುತ್ತಲಿನ ಸ್ಪ್ರಿಂಗ್ ಸೋತರೆ ಸ್ಲೈಡ್ ಜೋರಾಗಿ ಬಡಿದು ಪಿಸ್ತೂಲಿಗೇ ಹಾನಿಯಾಗುವುದರಿಂದ, ಇನ್ನು ಅದನ್ನು ಬದಲಿಸದೆ ರೇಂಜಿಗೆ ತರುವುದಿಲ್ಲವೆಂದು ಅವರು ತೀರ್ಮಾನಿಸಿದ್ದಾರೆ.