ನ್ಯಾಷನಲ್ ಕಾಲೇಜಿನಿಂದ ಹತ್ತನೇ ಸ್ಟೇಷನ್

ಬೆಂಗಳೂರಿನ ಬಸವನಗುಡಿ ಬಿಟ್ಟು ಕನಕಪುರ ರಸ್ತೆಯ ವಾಜರಹಳ್ಳಿಗೆ ಬಂದು ಒಂದು ವರ್ಷದ ಮೇಲಾಯಿತು. ಈ ಒಂದು ವರ್ಷದಲ್ಲಿ ಹಳೆ ಬೀದಿಯ ನಾಲ್ಕು ಮನೆಯವರು ಫೋನ್ ಮಾಡಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ಅಲ್ಲಿ ಹೇಗಿದೆ, ನಾವೂ ಬರಬಹುದಾ? ಅವರ ಮನೆಗಳಿಗೂ ಬಾಡಿಗೆ ಏರಿದೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳಿದ್ದೇನೆ, ಒಲೆ ಮೇಲೆ ಕುಕ್ಕರ್ ಇಟ್ಟುಕೊಂಡು ಫೋನಿನಲ್ಲಿ ಎಷ್ಟು ಅಂತ ಹೇಳೋದು. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಾವಿದ್ದದ್ದು ಗಾಂಧಿ ಬಜಾರಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ, ಹಳೆ ಮನೆಯ ಮಹಡಿಯಲ್ಲಿ. ಎರಡು ರೂಮು, ಕೆಂಪು ಗಾರೆ ನೆಲ, ಹಿತ್ತಲಿನ ನುಗ್ಗೆ ಮರದ ಕೊಂಬೆ ಅಡುಗೆಮನೆ ಕಿಟಕಿಗೆ ತಾಗುತ್ತಿತ್ತು. 2012ರಲ್ಲಿ ಸೇರಿದಾಗ ಬಾಡಿಗೆ 9,500. ಕೆಳಗಡೆ ಇದ್ದ ಓನರ್ ಅಜ್ಜಿ ಮನಸ್ಸಿಗೆ ಬಂದಾಗ ಐನೂರು ಏರಿಸುತ್ತಿದ್ದರು, ಕೆಲವು ವರ್ಷ ಮರೆತೇ ಬಿಡುತ್ತಿದ್ದರು. 2024ರ ಹೊತ್ತಿಗೆ ಅದು 16,000ಕ್ಕೆ ಬಂದಿತ್ತು. ಆ ವರ್ಷ ಅಜ್ಜಿ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದು ಒಂದು ತಿಂಗಳಿಗೆ ಮಗ ಬಂದು ಕೂತು, ಇನ್ನು ಮೇಲೆ 30,000 ಆಗುತ್ತದೆ, ಅಡ್ವಾನ್ಸ್ ಮೂರು ಲಕ್ಷ ಮಾಡಿ, ಇಲ್ಲಾಂದ್ರೆ ಆರು ತಿಂಗಳಲ್ಲಿ ಖಾಲಿ ಮಾಡಿಕೊಡಿ ಅಂದರು. ಹೇಗಿದ್ದರೂ ಮನೆ ಬಿಲ್ಡರ್‌ಗೆ ಹೋಗುವುದಿತ್ತು ಅಂತ ಆಮೇಲೆ ಗೊತ್ತಾಯಿತು. ನಮ್ಮ ಬೀದಿಯಲ್ಲೇ ಐದು ವರ್ಷದಲ್ಲಿ ಇಂಥ ಮೂರು ಮನೆ ನೆಲಕ್ಕೆ ಬಿದ್ದವು. ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ನಾಲ್ಕು ಅಂತಸ್ತು. ಹೊಸದರಲ್ಲಿ ಹಳೆ ಬಾಡಿಗೆದಾರರು ಒಬ್ಬರೂ ಇಲ್ಲ.

ನನಗೆ ಇದು ತುಂಬ ನೋವಿನ ವಿಷಯ, ಈಗಲೂ. ಗಾಂಧಿ ಬಜಾರ್ ಅಂದ್ರೆ ಬರೀ ಸ್ವಂತ ಮನೆ ಇದ್ದವರ ಊರು ಆಗಿರಲಿಲ್ಲ. ವಠಾರಗಳಲ್ಲಿ, ಮಹಡಿಗಳಲ್ಲಿ, ಔಟ್‌ಹೌಸುಗಳಲ್ಲಿ ಮೇಷ್ಟರು, ಗುಮಾಸ್ತರು, ಅಡುಗೆ ಭಟ್ಟರು, ಟೈಲರ್‌ಗಳು ಬಾಡಿಗೆಗೆ ಇದ್ದರು. ಸಂಜೆ ಆ ಬೀದಿ ತುಂಬುತ್ತಿದ್ದದ್ದು ಅವರಿಂದ. ಅವರೆಲ್ಲ ಒಬ್ಬೊಬ್ಬರಾಗಿ ಹೋದರು, ನಾವು ಕೊನೆಯವರಲ್ಲಿ ಒಬ್ಬರು ಅಷ್ಟೇ.

ಸರಿ, ಮನೆ ಹುಡುಕಿದ್ದು ಹೇಗೆ ಅಂತ ಹೇಳುತ್ತೇನೆ. ನಮ್ಮ ಮಿತಿ ಇಪ್ಪತ್ತು ಸಾವಿರ. ಅಷ್ಟಕ್ಕೆ ಬಸವನಗುಡಿಯಲ್ಲಿ ಸಿಕ್ಕಿದ್ದು ಹಗಲಲ್ಲೂ ದೀಪ ಹಾಕಬೇಕಾದ ನೆಲಮಹಡಿ ಮನೆ, ಇನ್ನೊಂದು ಟೆರೇಸ್ ಮೇಲಿನ ಶೀಟ್ ಮನೆ. ಅಮ್ಮನಿಗೆ 71. ಎರಡೂ ಆಗಲ್ಲ. ಹನುಮಂತನಗರ, ಕತ್ರಿಗುಪ್ಪೆ ಎಲ್ಲ ಆಗಲೇ ಇಪ್ಪತ್ತೈದರ ಹತ್ತಿರ ಇತ್ತು. ಶ್ರೀನಗರದಲ್ಲಿ ಹತ್ತೊಂಬತ್ತಕ್ಕೆ ಒಂದು ಚೆಂದದ ಮನೆ ನೋಡಿದೆವು, ಆದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಮ್ಮನ ಮಂಡಿ ಒಪ್ಪಲಿಲ್ಲ.

ಎರಡು ತಿಂಗಳು ಹೀಗೆ ಸುತ್ತಿದ ಮೇಲೆ ಒಂದು ಭಾನುವಾರ ಕೂತು ಹಳೆ ಕ್ಯಾಲೆಂಡರಿನ ಹಿಂದುಗಡೆ ಬರೆದೆವು: ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ನಾವು ನಡೆದುಕೊಂಡು ಹೋಗುವ ಜಾಗ ಯಾವ್ಯಾವುದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಯಾಕಂದ್ರೆ ಬಸವನಗುಡಿ ಬಿಡ್ತೀವಿ ಅಂದಾಗ ಎಲ್ಲರೂ ಹೇಳುತ್ತಿದ್ದದ್ದು ವಿದ್ಯಾರ್ಥಿ ಭವನದ ದೋಸೆ, ಬ್ರಾಹ್ಮಿನ್ಸ್ ಕಾಫಿ ಬಾರಿನ ಇಡ್ಲಿ, ಕಹಳೆ ಬಂಡೆ, ವರ್ಲ್ಡ್ ಕಲ್ಚರ್ ಇನ್‌ಸ್ಟಿಟ್ಯೂಟಿನ ಸಂಗೀತ. ವಿದ್ಯಾರ್ಥಿ ಭವನ 1943ರಿಂದ ಇರುವ ಹೋಟೆಲು, ಮನೆಯಿಂದ ಐದು ನಿಮಿಷ, ಆದರೆ ಹೊರಗಿನ ಕ್ಯೂ ನೋಡಿ ನಾವು ಒಳಗೆ ಹೋಗುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ಸಲ. ಪಟ್ಟಿಯಲ್ಲಿ ಬಂದದ್ದು ಬೇರೆ. ಮಗಳ ಸ್ಕೂಲು. ನನ್ನ ಆಫೀಸಿಗೆ ಮೆಟ್ರೋ, ಗಾಂಧಿನಗರದಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ನ್ಯಾಷನಲ್ ಕಾಲೇಜಿನಿಂದ ಮೆಜೆಸ್ಟಿಕ್ ಮೂರೇ ಸ್ಟಾಪ್. ಅಮ್ಮನ ಹೂವು, ತರಕಾರಿ, ಸಂಜೆ ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚು. ಕಾಫಿಪುಡಿ. ಅಷ್ಟೇ. ಯಜಮಾನರಿಗೆ ಮನೆಯಿಂದಲೇ ಕೆಲಸ, ಅವರದ್ದೇನೂ ಇರಲಿಲ್ಲ.

ಆ ಪಟ್ಟಿ ನೋಡಿದ ಮೇಲೆ ಹುಡುಕುವ ದಿಕ್ಕೇ ಬದಲಾಯಿತು. ಇನ್ನೊಂದು ಬಸವನಗುಡಿ ಎಲ್ಲೂ ಸಿಗಲ್ಲ. ಆದರೆ ಸ್ಕೂಲು ಮತ್ತು ಪಾರ್ಕಿನ ಬೆಂಚು, ಇವೆರಡಕ್ಕೆ ಗಾಡಿ ಬದಲಾಯಿಸದೆ ಹೋಗಲು ಆಗುವ ಜಾಗ ಸಿಗಬಹುದು ಅಲ್ವಾ? ಉತ್ತರಹಳ್ಳಿಯಲ್ಲಿ ಹದಿನೈದಕ್ಕೇ ಒಳ್ಳೆ ಮನೆ ಇತ್ತು, ಮೆಟ್ರೋ ಇಲ್ಲ, ಸಂಜೆ ಆಟೋದಲ್ಲಿ ವಾಪಸ್ ಬರೋಕೆ ಒಂದು ಗಂಟೆ ಹಿಡಿಯಿತು. ನನಗೆ ಮನಸಾರೆ ಇಷ್ಟವಾಗಿದ್ದು ಕೆಂಗೇರಿ ಉಪನಗರ. ಮರ ಇದೆ, ಪಾರ್ಕ್ ಇದೆ, ನಡೆದು ಹೋಗಿ ಸಾಮಾನು ತರಬಹುದು, ಒಂದು ಊರಿನ ಹಾಗಿದೆ. ಆದರೆ ಅದು ನೇರಳೆ ಲೈನು. ಬಸವನಗುಡಿಗೆ ಬರಬೇಕಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಲೈನಿಗೆ ಹತ್ತಬೇಕು. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳೇ ಬೆಳಗಿನ ಆ ಜನಜಂಗುಳಿಯಲ್ಲಿ ಬೇಡ ಅನ್ನಿಸಿತು. ನಿಮಗೆ ಆ ತಾಪತ್ರಯ ಇಲ್ಲದಿದ್ದರೆ ಕೆಂಗೇರಿಯನ್ನೇ ಮೊದಲು ನೋಡಿ.

ಉಳಿದದ್ದು ಕನಕಪುರ ರಸ್ತೆ. ಹಸಿರು ಲೈನು 2017ರಲ್ಲಿ ಯಲಚೇನಹಳ್ಳಿವರೆಗೆ ಬಂದಿತ್ತು, 2021ರ ಜನವರಿಯಲ್ಲಿ ಅಲ್ಲಿಂದ ಮುಂದಕ್ಕೆ ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆವರೆಗೆ ಹೋಯಿತು. ಕೋಣನಕುಂಟೆ ಕ್ರಾಸ್ ಹತ್ತಿರ ಬಾಡಿಗೆ ಆಗಲೇ ಏರಿತ್ತು. ಅದಕ್ಕೇ ಇನ್ನೂ ಎರಡು ಸ್ಟೇಷನ್ ಆಚೆಗೆ ಹೋದೆವು.

ಇಲ್ಲಿ ನೀರಿನ ವಿಷಯ ಹೇಳಲೇಬೇಕು, ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿ. ತಲಘಟ್ಟಪುರದಲ್ಲಿ ಮೊದಲು ನೋಡಿದ ಮನೆ 15,000, ಗಾಳಿ ಬೆಳಕು ಎಲ್ಲ ಚೆನ್ನಾಗಿತ್ತು. ನಾನು ಅಡ್ವಾನ್ಸ್ ಕೊಡೋಕೆ ತಯಾರಾಗಿದ್ದೆ. ಅಮ್ಮ ಸುಮ್ನೆ ಬ್ಯಾಗಿನಿಂದ ಖಾಲಿ ಬಾಟಲಿ ತೆಗೆದು ಅಡುಗೆಮನೆ ನಲ್ಲಿಯಿಂದ ನೀರು ತುಂಬಿಕೊಂಡರು. ಮನೆಗೆ ಬಂದು ಆ ನೀರು ಕಾಯಿಸಿ, ನಾವು ಯಾವಾಗಲೂ ತರುವ, ಕಾಫಿ ಎಂಬತ್ತು ಚಿಕೋರಿ ಇಪ್ಪತ್ತರ ಪುಡಿಗೆ ಹಾಕಿದರು. ಡಿಕಾಕ್ಷನ್ ಇಳಿಯಿತು, ಬಣ್ಣವೂ ಬಂತು, ಆದರೆ ಪರಿಮಳವೇ ಇಲ್ಲ, ಬಾಯಲ್ಲಿಟ್ಟರೆ ಚಪ್ಪೆ, ಹಿಂದೆ ಒಂದು ಉಪ್ಪುಪ್ಪು. ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂತಿತ್ತು. ಅದೇ ನೀರಲ್ಲಿ ತೊಗರಿಬೇಳೆ ಬೇಯಿಸಿ ನೋಡಿದರು, ಆರು ವಿಷಲ್ ಆದರೂ ಬೇಳೆ ಬೇಳೆಯಾಗೇ ಇತ್ತು. ಬೋರ್ ನೀರು ಅಷ್ಟು ಗಡಸು. ಆ ಮನೆ ಬಿಟ್ಟೆವು.

ಆಮೇಲೆ ನೋಡಿದ ಪ್ರತಿ ಮನೆಯಿಂದಲೂ ಒಂದು ಬಾಟಲಿ ನೀರು ತಂದೆವು. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗೆ ಕಾದು ನಿಂತಿದ್ದು ಎಲ್ಲರಿಗೂ ನೆನಪಿದೆ. ನಾವು ಮನೆ ಹುಡುಕುತ್ತಿದ್ದಾಗಲೇ, ಅದೇ ವರ್ಷ ಅಕ್ಟೋಬರ್‌ನಲ್ಲಿ, ಕಾವೇರಿ 5ನೇ ಹಂತ ಶುರುವಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಯೋಜನೆ. ಬ್ರೋಕರ್‌ಗಳೆಲ್ಲ "ಕಾವೇರಿ ಬಂತು ಮೇಡಂ" ಅನ್ನೋರು. ಪೈಪ್ ಬಂದಿರೋದು ಬೇರೆ, ಸಂಪಿಗೆ ನೀರು ಬೀಳೋದು ಬೇರೆ. ಓನರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ: ವಾರಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ, ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದಿರಿ.

ವಾಜರಹಳ್ಳಿ ಸ್ಟೇಷನ್ನಿಂದ ಹತ್ತು ನಿಮಿಷ ಒಳಗೆ ಈ ಮನೆ ಸಿಕ್ಕಿತು. ಕಾವೇರಿ ವಾರಕ್ಕೆ ಎರಡು ದಿನ, ಉಳಿದದ್ದು ಬೋರ್. ಬಾಡಿಗೆ 17,000, ಅಡ್ವಾನ್ಸ್ ಒಂದೂವರೆ ಲಕ್ಷ. ಅಮ್ಮ ಕಾವೇರಿ ನೀರನ್ನು ಬೇರೆ ಬಿಂದಿಗೆಯಲ್ಲಿ ಹಿಡಿದಿಡುತ್ತಾರೆ, ಕಾಫಿಗೆ ಮತ್ತು ಬೇಳೆಗೆ. ಧನುರ್ಮಾಸ ಶುರುವಾಗುವ ಮೊದಲೇ ಹಾಲು ಉಕ್ಕಿಸಬೇಕು ಅಂತ ಅವರ ಹಟ, ಡಿಸೆಂಬರ್ ಮೊದಲ ವಾರವೇ ಬಂದುಬಿಟ್ಟೆವು. ಹಳೆ ಮನೆಯ ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ಕೆಡವುವ ಮನೆಗೆ. ಇದು ಬೆಂಗಳೂರಲ್ಲಿ ಎಲ್ಲ ಕಡೆ ಇರುವ ರೂಢಿ, ಆದರೂ ಅನ್ಯಾಯವೇ. ಹೊಸ ಅಗ್ರಿಮೆಂಟಿನಲ್ಲಿ ಈ ಸಾಲನ್ನು ಕೇಳಿ ತೆಗೆಸಿದ್ದೇನೆ, ಕೇಳಿದರೆ ತೆಗೆಯುತ್ತಾರೆ.

ಈಗ ಲೆಕ್ಕ. ನಾವು ಬಂದು ಎರಡು ತಿಂಗಳಿಗೆ, 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿತು, 60 ರೂಪಾಯಿ ಇದ್ದ ಗರಿಷ್ಠ ದರ 90 ಆಯಿತು. ನಾವು ಹಾಕಿಕೊಂಡಿದ್ದ ಲೆಕ್ಕ ಅಲ್ಲಿಗೆ ತಪ್ಪಿತು. ಮೆಜೆಸ್ಟಿಕ್‌ಗೆ ಹೋಗಿ ಬರೋಕೆ ನನಗೆ ದಿನಕ್ಕೆ ನೂರು ದಾಟುತ್ತದೆ, ಮಗಳದ್ದೂ ಸೇರಿದರೆ ತಿಂಗಳಿಗೆ ಹತ್ತಿರ ಹತ್ತಿರ ಐದು ಸಾವಿರ. 30,000ಕ್ಕೂ 17,000ಕ್ಕೂ ಹದಿಮೂರು ಸಾವಿರ ವ್ಯತ್ಯಾಸ ಅಂತ ಖುಷಿಪಡುವ ಮೊದಲು ಇದನ್ನು ಕಳೆಯಿರಿ. ಬೇಸಿಗೆಯ ಟ್ಯಾಂಕರ್ ಕಳೆಯಿರಿ. ಏಳು ಸಾವಿರ ಚಿಲ್ಲರೆ ಉಳಿಯುತ್ತದೆ. ನಮ್ಮಂಥ ಮನೆಗೆ ಅದು ದೊಡ್ಡ ದುಡ್ಡೇ, ಮಗಳ ಹೆಸರಲ್ಲಿ ಆರ್‌ಡಿ ಕಟ್ಟುತ್ತಿದ್ದೇವೆ. ಆದರೆ ಹದಿಮೂರಲ್ಲ.

ಅಮ್ಮನಿಗೆ ಮಾತ್ರ ಖರ್ಚೇ ಇಲ್ಲ. ಶಕ್ತಿ ಯೋಜನೆ ಇದೆಯಲ್ಲ. ಮಂಗಳವಾರ, ಶುಕ್ರವಾರ ಊಟ ಮುಗಿಸಿ ಕನಕಪುರ ರಸ್ತೆಯಲ್ಲಿ ಬಸ್ ಹತ್ತಿ, ಬನಶಂಕರಿಯಲ್ಲಿ ಇನ್ನೊಂದು ಹಿಡಿದು ಗಾಂಧಿ ಬಜಾರಿಗೆ ಹೋಗುತ್ತಾರೆ. ಮೆಟ್ರೋದಲ್ಲಿ ಇಪ್ಪತ್ತು ಇಪ್ಪತ್ತೆರಡು ನಿಮಿಷ, ಬಸ್ಸಲ್ಲಿ ಒಂದು ಗಂಟೆ ಮೇಲೆ. ನನಗೇನು ಆಫೀಸ್ ಇದೆಯಾ ಅಂತಾರೆ. ಪಾರ್ಕಿನ ಬೆಂಚಿನಲ್ಲಿ ಗೆಳತಿಯರು ಈ ಎರಡು ದಿನಕ್ಕೇ ಕಾದು ಕೂತಿರುತ್ತಾರೆ. ಬರುವಾಗ ಇಪ್ಪತ್ತು ವರ್ಷದಿಂದ ಹೂವು ಕೊಳ್ಳುವ ಹೂವಿನಮ್ಮನ ಹತ್ತಿರ ನಿಲ್ಲುತ್ತಾರೆ. ಒಂದು ಶುಕ್ರವಾರ ನಾನೂ ಜೊತೆಗಿದ್ದೆ. ಆಕೆ ಕನಕಾಂಬರದ ದಂಡೆಯನ್ನು ಮೊಣಕೈಗೆ ಒತ್ತಿ ಹಿಡಿದು, ನಡುಬೆರಳ ತುದಿವರೆಗೆ ಎಳೆದು ಎರಡು ಮೊಳ ಅಳೆದರು, ಆಮೇಲೆ ಕೈಯಲ್ಲಿದ್ದ ಮೂರನೆಯದನ್ನೂ ಅಳೆಯದೆ ಬಾಳೆಎಲೆಗೆ ಸುತ್ತಿ, "ಅಮ್ನೋರೇ, ಅಷ್ಟು ದೂರ ಹೋಗ್ತೀರ, ಬಾಡಿದ್ರೆ ಇದನ್ನ ಮುಡ್ಕೊಳ್ಳಿ" ಅಂದರು. ಅಮ್ಮ ಬಸ್ ಹತ್ತುವವರೆಗೆ ಮಾತಾಡಲಿಲ್ಲ.

ಇಲ್ಲಿ ಇಲ್ಲದ್ದು ಏನು ಅಂತಲೂ ಹೇಳಬೇಕು. ಫುಟ್‌ಪಾತ್ ಇಲ್ಲ, ಇದ್ದ ಕಡೆ ಮೇಲೆ ಗಾಡಿ ನಿಂತಿರುತ್ತದೆ. ಕನಕಪುರ ರಸ್ತೆ ದಾಟೋದು ಅಮ್ಮನ ವಯಸ್ಸಿನವರಿಗೆ ಅಪಾಯ, ನಾವು ಸ್ಟೇಷನ್ ಮೆಟ್ಟಿಲು ಹತ್ತಿ ಆಕಡೆ ಇಳಿಯುತ್ತೇವೆ. ನಮ್ಮ ಅಡ್ಡರಸ್ತೆಯಲ್ಲಿ ನೆರಳಿಗೆ ಒಂದು ಮರ ಇಲ್ಲ. ಪುಸ್ತಕದಂಗಡಿ, ಲೈಬ್ರರಿ ಹತ್ತಿರದಲ್ಲಿಲ್ಲ, ಮಗಳು ಸ್ಕೂಲ್ ಮುಗಿಸಿ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಗೆ ಹೋಗಿ ಬರುತ್ತಾಳೆ. ರಾತ್ರಿ ಎಂಟರ ಮೇಲೆ ಬೀದಿ ಖಾಲಿ.

ಇರುವುದು ತುರಹಳ್ಳಿ ಕಾಡು. ಭಾನುವಾರ ಬೆಳಗ್ಗೆ ಆರಕ್ಕೆ ಮಗಳೂ ನಾನೂ ಹೋಗುತ್ತೇವೆ. ಅಲ್ಲಿನ ಬಂಡೆ ಹತ್ತಿ ಕೂತರೆ ಅಂಗೈಗೆ ತಾಗುವ ಕಲ್ಲು ನನಗೆ ಚಿಕ್ಕಂದಿನಿಂದ ಗೊತ್ತಿರುವ ಕಲ್ಲೇ, ಬೂದು ಬಣ್ಣದಲ್ಲಿ ಬಿಳಿ ಗೆರೆ, ಕಹಳೆ ಬಂಡೆಯ ಹಾಗೇ, ಲಾಲ್‌ಬಾಗ್ ಬಂಡೆಯ ಹಾಗೇ. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಅಂತ ಅಲ್ಲಿ ಬೋರ್ಡು ಹಾಕಿದ್ದಾರೆ. ಬಸವನಗುಡಿ ಬಡಾವಣೆಗೆ ಇನ್ನೂ ನೂರ ಮೂವತ್ತೂ ತುಂಬಿಲ್ಲ. 1898ರ ಪ್ಲೇಗಿನಲ್ಲಿ ಪೇಟೆ ಬಿಟ್ಟು ಬಂದವರಿಗೆ ಕಟ್ಟಿದ ಊರು ಅದು. ಚಿಕ್ಕಪೇಟೆಯಿಂದ ಅಲ್ಲಿಗೆ ಹೋದ ಹೆಂಗಸರೂ ವಾರಕ್ಕೆರಡು ಸಲ ಹಳೆ ಬೀದಿಗೆ ಹೂವಿಗೆ ಹೋಗುತ್ತಿದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ.

ಹೋದ ಕಾರ್ತಿಕದ ಕೊನೆ ಸೋಮವಾರ ಎಲ್ಲರೂ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು. ಇಷ್ಟು ವರ್ಷ ಮನೆ ಬಾಗಿಲಿಂದ ನಡೆದು ಹೋಗುತ್ತಿದ್ದವರು ಈ ಸಲ ಮೆಟ್ರೋದಲ್ಲಿ. ಬಸವಣ್ಣನಿಗೆ ಕೈ ಮುಗಿದು, ದೊಡ್ಡ ಗಣಪತಿ ನೋಡಿಕೊಂಡು, ಅಮ್ಮ ನಾಲ್ಕು ಸೇರು ಹಸಿ ಕಡಲೆಕಾಯಿ ತಗೊಂಡರು. ಮಾರನೇ ದಿನ ಬೇಯಿಸಿ ಕೆಳಗಿನ ಓನರ್ ಮನೆಗೆ ಒಂದು ಡಬ್ಬಿ ಕೊಟ್ಟರು. ಅವರು ಇಲ್ಲಿಯ ಮೂಲದವರು, ಹೊಲ ಇದ್ದ ಜಾಗದಲ್ಲೇ ಈ ಮನೆಗಳೆಲ್ಲ ಎದ್ದಿರೋದು. ಓನರ್ ತಾಯಿ ಒಂದು ಕಾಯಿ ಒಡೆದು ನೋಡಿ, "ಇದು ನಮ್ಮ ಕಡೆ ಕಾಯಲ್ಲ ಕಣಮ್ಮ, ಮೂರು ಬೀಜ ಐತೆ, ನಾಟಿಕಾಯಾದ್ರೆ ಎರಡೇ" ಅಂದರು. ಅವರ ಮಾವ ಇದೇ ಹೊಲದ ಕಾಯಿ ಮೂಟೆ ಕಟ್ಟಿ, ರಾತ್ರಿ ಗಾಡಿ ಹೂಡಿಕೊಂಡು ಪರಿಷೆಗೆ ಹೋಗುತ್ತಿದ್ದರಂತೆ. ಬೆಳಕು ಹರಿಯೋ ಹೊತ್ತಿಗೆ ಬಸವನಗುಡಿ. ಮದುವೆಯಾದ ಹೊಸದರಲ್ಲಿ ಒಂದು ಸಲ ಮೂಟೆ ಮೇಲೆ ಕೂತು ಇವರೂ ಹೋಗಿದ್ದರು, ಆಮೇಲೆ ಹೋಗೋಕೆ ಆಗಲೇ ಇಲ್ಲ.

ಮುಂದಿನ ಸಲ ನಮ್ಮ ಜೊತೆ ಬನ್ನಿ ಅಂತ ಅಮ್ಮ ಕರೆದಿದ್ದಾರೆ. ಬರ್ತೀನಿ, ಆದ್ರೆ ಆ ಓಡೋ ಮೆಟ್ಟಿಲು ಹತ್ತೋಕೆ ಭಯ, ಲಿಫ್ಟ್ ಐತಾ ಅಂತ ಕೇಳಿದರು. ಎರಡೂ ಸ್ಟೇಷನ್ನಲ್ಲಿ ಇದೆ ಅಂದೆ.